ಹಿಡಿದು ಬಿಡುವ ಕೈ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವಳು ನಮ್ಮ ದೊಡ್ಡಮ್ಮ. ಜಡಿಗೇನಹಳ್ಳಿಯ ಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಲೇ ಹೇಳಿದ್ದಳು. ಒಂದೊಂದು ಸಲ ಹಿಂಡಿದಾಗಲೂ ಅವಳ ಮುಂಗೈಯ ಸ್ನಾಯು ಹುರಿ ಹಾಕಿದ ಹಗ್ಗದಂತೆ ಎದ್ದು ಇಳಿಯುತ್ತಿತ್ತು. "ಕೈ ಹಿಡ್ದು ನೋಡಾಕೆ ನಾಕ್ ವರ್ಸ ಓದ್ಬೇಕೇನಮ್ಮಿ? ನಮ್ಮನೇಲಿ ಯಾರೂ ಹತ್ನೇ ಕ್ಲಾಸೇ ದಾಟಿಲ್ಲ." ಹಾಗೆಂದವಳೇ ದಿನವೂ ಬೆಳಗಿನ ಬಸ್ಸಿಗೆ ನನ್ನನ್ನು ಎಬ್ಬಿಸುತ್ತಿದ್ದಳು. ಮೆಚ್ಚುಗೆ ಅವಳ ಬಾಯಿಂದ ಬರುತ್ತಿರಲಿಲ್ಲ. ತಟ್ಟೆಗೆ ಇನ್ನೊಂದು ಮುದ್ದೆ ಬೀಳುತ್ತಿತ್ತು, ಅಷ್ಟೇ.

ಫಿಸಿಯೋಥೆರಪಿಯ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಒಬ್ಬರ ಕೈಯ ಬಲವೆಷ್ಟು, ಅದು ಎಷ್ಟು ಬೇಗ ಸೋಲುತ್ತದೆ, ಎರಡನ್ನೂ ಅಳೆದು ತೋರಿಸಬೇಕು. ಅಳತೆಗೆ ಕೈ ಒಡ್ಡಲು ಬರುತ್ತೇನೆಂದಿದ್ದ ಗೆಳತಿ ಜ್ವರ ಬಂದು ಮಲಗಿದಳು. ದೊಡ್ಡಮ್ಮ ಸೆರಗು ಕೊಡವಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಫೇಲಾದರೆ ಮತ್ತೆ ಆರು ತಿಂಗಳು ಕಾಯಬೇಕು. ಅಷ್ಟರೊಳಗೆ ಓದು ಬಿಡಿಸಿ ಮದುವೆ ಮಾಡುವ ಮಾತು ಮನೆಯಲ್ಲಿ ನಡೆದಿತ್ತು.

ಹಿಡಿತ ಅಳೆಯುವ ಮೀಟರನ್ನು ಅವಳ ಕೈಗಿಟ್ಟೆ. ಒಂದೇ ಸಲ ಹಿಂಡಿದ್ದಕ್ಕೆ ಮುಳ್ಳು ನಮ್ಮ ಕ್ಲಾಸಿನ ಹುಡುಗರನ್ನೆಲ್ಲ ದಾಟಿತು. ಆಮೇಲೆ ಆಯಾಸದ ಪರೀಕ್ಷೆ: ಅದರ ಅರ್ಧ ಬಲದಲ್ಲಿ ಬಿಡದೆ ಹಿಡಿದಿರಬೇಕು. ಮುಳ್ಳು ಏರಿತು, ಬಿತ್ತು. ಏರಿತು, ಬಿತ್ತು.

"ಮೀಟರ್ ಹಿಡಿಯೋದನ್ನೇ ಹೇಳ್ಕೊಟ್ಟಿಲ್ವಲ್ಲಮ್ಮ ನೀನು," ಎಂದು ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

"ಬಿಡ್ಬೇಡ ದೊಡ್ಡಮ್ಮ!"

"ಬಿಡ್ದೆ ಹಿಡ್ಕಂಡ್ರೆ ಹಾಲು ಎಂಗಮ್ಮಿ ಇಳೀತೈತೆ? ಹಸ ಒದೀತೈತೆ!" ಎಂದು ಅವಳೂ ಸಿಡುಕಿದಳು.

ಆಗ ಹೊಳೆಯಿತು. ಮೂವತ್ತು ವರ್ಷ ಹಿಡಿದು ಬಿಟ್ಟು ಪಳಗಿದ ಕೈ ಅದು. "ಸರ್, ಬಿಟ್ಟು ಬಿಟ್ಟು ಹಿಂಡಿಸಿನೂ ಆಯಾಸ ಅಳೀಬಹುದು. ಹಾಗೇ ಮಾಡ್ತೀನಿ," ಎಂದೆ.

ಅವರು ಗಡಿಯಾರ ನೋಡಿದರು. "ಒಂದೇ ಸಲ. ಕೆಟ್ರೆ ಫೇಲು."

ಸೆಕೆಂಡಿಗೊಮ್ಮೆ ಹಿಂಡಿದಳು. ಹತ್ತಕ್ಕೊಮ್ಮೆ ಮುಳ್ಳು ನೋಡಿ ಬರೆದುಕೊಂಡೆ. ನಲವತ್ತು. ಅರವತ್ತು. ಮುಳ್ಳು ಜಗ್ಗಲಿಲ್ಲ. ಎಂಬತ್ತಾದ ಮೇಲೆ ಚೂರುಚೂರೇ ಇಳಿಯತೊಡಗಿತು. ನನಗೆ ಬೇಕಿದ್ದುದು ಆ ಇಳಿಕೆಯೇ.

"ಸಾಕಮ್ಮ, ಸಾಕು," ಎಂದರು ಪರೀಕ್ಷಕರು.

"ಸಾಕಾ ಸಾಮಿ? ಇನ್ನೊಂದ್ ಹಸ ಬಾಕಿ ಐತೇನೋ ಅನ್ಕಂಡಿದ್ದೆ."

ಅವರು ನಕ್ಕುಬಿಟ್ಟರು. ನನ್ನ ಹಾಳೆಯಲ್ಲಿ ಪಾಸೆಂದು ಬರೆದರು.

ಇಂದಿಗೂ ಯಾರಾದರೂ ನನ್ನೆದುರು ಕೈ ಚಾಚಿದರೆ, ಅವರ ಕೆಲಸವೇನೆಂದು ಕೇಳದೆ ನಾನು ಮೀಟರು ಮುಟ್ಟುವುದಿಲ್ಲ. ಇದನ್ನು ಯಾವ ಪುಸ್ತಕವೂ ನನಗೆ ಕಲಿಸಲಿಲ್ಲ, ಕಲಿಸಿದವಳು ಅವಳು.

ಸರ್ಟಿಫಿಕೇಟು ಬಂದ ದಿನ ಅದನ್ನು ಮೊದಲು ಅವಳಿಗೇ ಕೊಟ್ಟೆ. ಎರಡೂ ಕೈಯಲ್ಲಿ ಅಂಚು ಹಿಡಿದು, ಅಂಗಳಕ್ಕೆ ಬಂದು ನಿಂತಳು.

"ಓದಮ್ಮಿ. ಜೋರಾಗ್ ಓದು, ಬೀದಿಗೆಲ್ಲ ಕೇಳ್ಲಿ."