ಒರಟು ಕಂಬದ ಮೇಲೆ ಹತ್ತು ಬೆರಳು

ನಮ್ಮ ದೊಡ್ಡಮ್ಮನ ಕೆಲಸ, ಕಳ್ಳತನವಾದ ಕಡೆ ಹೋಗಿ ಬೆರಳಚ್ಚು ಎತ್ತುವುದು. ನುಣುಪಾದ ಗಾಜಿನ ಮೇಲಿನದನ್ನು ಯಾರು ಬೇಕಾದರೂ ಎತ್ತುತ್ತಾರೆ ಎಂದು ಮೂಗು ಮುರಿಯುತ್ತಿದ್ದಳು. ಒರಟು ಕಲ್ಲು, ತುಕ್ಕು ಹಿಡಿದ ಬೀಗ ಎಂದರೆ ಮಾತ್ರ ಅವಳಿಗೆ ಹುರುಪು. ಪುಡಿ ಸವರಿ, ರಬ್ಬರಿನಂತೆ ಗಟ್ಟಿಯಾಗುವ ಪೇಸ್ಟನ್ನು ತಗ್ಗುತಗ್ಗಿಗೂ ಇಳಿಯುವಂತೆ ಮೆತ್ತಿ, ಮೆಲ್ಲಗೆ ಬಿಡಿಸಿದರೆ ಅಚ್ಚು ಅದರ ಜೊತೆಗೇ ಎದ್ದು ಬರುತ್ತಿತ್ತು.

ಎಲ್ಲೂ ತನ್ನ ಬೆರಳಿನ ಗುರುತು ಬೀಳಬಾರದೆಂಬ ಎಚ್ಚರ ಮನೆಯಲ್ಲೂ ಅವಳನ್ನು ಬಿಡುತ್ತಿರಲಿಲ್ಲ. ಬಾಗಿಲನ್ನು ಮೊಣಕೈಯಿಂದ ತಳ್ಳುವಳು, ಸ್ವಿಚ್ಚನ್ನು ಬೆರಳಿನ ಗೆಣ್ಣಿನಿಂದ ಒತ್ತುವಳು.

"ಏನೇ, ನಮ್ಮನೇಲೂ ಕಳ್ಳತನ ಆಗಿದ್ಯಾ?" ಎಂದು ದೊಡ್ಡಪ್ಪ ರೇಗಿಸುವರು.

"ಇನ್ನೂ ಇಲ್ಲ. ನೀವು ಹೀಗೇ ಬಾಗಿಲು ತೆರೆದಿಟ್ಟು ಮಲಗಿ, ಆಗತ್ತೆ."

ಅವಳ ನಿವೃತ್ತಿಯ ದಿನ ಕರೆತರಲು ನಾನೇ ಹೋಗಿದ್ದೆ. ಭಾಷಣಕ್ಕೆ ನಿಂತ ಸಾಹೇಬರು ಅವಳ ಹೆಸರನ್ನೇ ತಪ್ಪಾಗಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ದೊಡ್ಡಮ್ಮ ಕೈಮುಗಿದು ಎದ್ದಳು. ಹೊರಗೆ ಬಂದವಳು ಕಚೇರಿ ಬಾಗಿಲ ಪಕ್ಕದ ಒರಟು ಕಲ್ಲಿನ ಕಂಬಕ್ಕೆ ಹತ್ತೂ ಬೆರಳುಗಳನ್ನು ಬಲವಾಗಿ ಒತ್ತಿದಳು.

"ಏನ್ಮಾಡ್ತಿದ್ದೀಯ ದೊಡ್ಡಮ್ಮ?"

"ನಾನಿಲ್ಲಿದ್ದೆ ಅಂತ ಗುರುತು ಬಿಡ್ತಿದ್ದೀನಿ. ಇಂಥ ಕಲ್ಲಿಂದ ಅಚ್ಚು ಎತ್ತೋದು ಗೊತ್ತಿದ್ದೋಳು ಇಲ್ಲಿ ಒಬ್ಳೇ ಇದ್ಲು. ಅವಳೂ ಇವತ್ತು ಹೊರಟ್ಲು. ನಡಿ, ಮನೆಗೆ ಹೋಗೋಣ."