ಬಿಸಿಲಲ್ಲಿ ಮುಚ್ಚುವ ಕಣ್ಣು

ಹರವೆಯ ನಾಗಮಣಿ ಚೆಂಡುಹೂ ಬಿಡಿಸಲು ನಿಂತರೆ ಸಾಲಿನಲ್ಲಿ ಅವಳೇ ಮುಂದು. ಕೈ ಅಷ್ಟು ಚುರುಕು. ಆ ಕೈ ಕಂಡರೆ ಅವಳಿಗೀಗ ಅಸಹ್ಯ.

ನಾಲ್ಕು ವರ್ಷದ ಹಿಂದೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಬಿಸಿಲಲ್ಲಿ ಮಗಳು ಸ್ವರ್ಣಲತಾ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಎದುರಿಗಿದ್ದ ಕಾಲೇಜು ಹುಡುಗರು ನಕ್ಕರು. ಇಷ್ಟು ವಯಸ್ಸಿಗೇ ಕಣ್ಣು ಹೊಡೀತಾಳೆ ಎಂದು ನಾಗಮಣಿ ಎಲ್ಲರೆದುರೇ ಕೆನ್ನೆಗೆ ಬಾರಿಸಿದಳು. ಏಳು ವರ್ಷದ ಕೂಸು ಯಾರಿಗೆ ಕಣ್ಣು ಹೊಡೆದೀತು? ಕೇಳುವವರಿರಲಿಲ್ಲ. ಆಮೇಲೂ ಆ ಕಣ್ಣು ಮುಚ್ಚಿದಾಗಲೆಲ್ಲ ಏಟು ಬಿತ್ತು.

ಮರುವರ್ಷ ಸ್ಕೂಲಿಗೆ ಕಣ್ಣು ನೋಡಲು ಬಂದವರು ಹೇಳಿದಾಗಲೇ ಗೊತ್ತಾದದ್ದು: ಮಗುವಿನ ಎಡಗಣ್ಣು ಹೊರಕ್ಕೆ ಜಾರುತ್ತದೆ, ಬಿಸಿಲು ತಡೆಯಲಾರದೆ ಮಗು ಅದನ್ನು ಮುಚ್ಚುತ್ತದೆ. ನಾಗಮಣಿ ಆ ದಿನ ಊಟ ಮಾಡಲಿಲ್ಲ.

ಮೈಸೂರಿನಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಕಣ್ಣು ಕೂದಲೆಳೆಯಷ್ಟು ಒಳಕ್ಕೆ ತಿರುಗಿತ್ತು. ಮೊದಮೊದಲು ಹಾಗಿದ್ದರೆ ಒಳ್ಳೆಯದೇ, ಅದು ಮೆಲ್ಲಗೆ ಹೊರಕ್ಕೆ ಸರಿಯುತ್ತದೆ ಎಂದರು ಡಾಕ್ಟರಮ್ಮ. ಆದರೆ ಹತ್ತು ವರ್ಷಕ್ಕೆ ಹೇಗಿರುತ್ತದೆಂದು ಯಾರೂ ಬರೆದುಕೊಡಲಾರರು. ವರ್ಷವರ್ಷ ತೋರಿಸಿ, ಬಿಸಿಲಲ್ಲಿ ಮತ್ತೆ ಮುಚ್ಚತೊಡಗಿದರೆ ತಕ್ಷಣ ಕರೆತನ್ನಿ ಎಂದರು.

ನಾಗಮಣಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಮಗಳು ಒಮ್ಮೆಯೂ ಮುಚ್ಚಲಿಲ್ಲ. ಬೆಟ್ಟದ ದೇವರು ಮಾದಪ್ಪ ನನ್ನ ತಪ್ಪು ಹೊಟ್ಟೆಗೆ ಹಾಕಿಕೊಂಡ ಎಂದು ನಿರಾಳವಾದಳು. ಮುಚ್ಚುತ್ತಿಲ್ಲವಲ್ಲ ಎಂದು ಎರಡು ವರ್ಷ ತೋರಿಸಲೂ ಹೋಗಲಿಲ್ಲ.

ಮೊನ್ನೆ ಹೋದಾಗ ಡಾಕ್ಟರಮ್ಮ ಅಳತೆ ನೋಡಿ, ಕಣ್ಣು ಮತ್ತೆ ಹೊರಕ್ಕೆ ಹೋಗಿದೆ, ಬಿಸಿಲಲ್ಲಿ ಮುಚ್ಚುತ್ತಿರಲಿಲ್ಲವೇ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದಳು ನಾಗಮಣಿ.

ಸ್ವರ್ಣ ತಲೆ ತಗ್ಗಿಸಿದಳು. "ಮುಚ್ತಿದ್ದೆ. ಅವ್ವನ್ಗೆ ಕಾಣ್ದಂಗೆ."

ಮೊದಲೇ ಗೊತ್ತಾಗಿದ್ದರೆ ಕನ್ನಡಕ ಹಾಕಿ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಯೇ ತಡೆಯಲು ನೋಡಬಹುದಿತ್ತು, ಈಗ ಇನ್ನೊಂದು ಆಪರೇಷನ್ ಬೇಕಾಗಬಹುದು ಎಂದರು ಡಾಕ್ಟರಮ್ಮ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನಾಗಮಣಿಗೆ. ಮಗಳ ಕಣ್ಣು ತಾನಾಗಿ ಹೇಳುತ್ತಿದ್ದುದನ್ನು ಹೊಡೆದು ಬಾಯಿ ಮುಚ್ಚಿಸಿದವಳು ತಾನೇ.

ಆಸ್ಪತ್ರೆಯ ಹೊರಗೆ ಮಟಮಟ ಮಧ್ಯಾಹ್ನ. ಸ್ವರ್ಣ ಅವ್ವನಿಂದ ಮುಖ ಆಚೆ ಹೊರಳಿಸಿಕೊಂಡು ನಡೆಯುತ್ತಿದ್ದಳು. ನಾಗಮಣಿ ಅವಳನ್ನು ತಡೆದು ನಿಲ್ಲಿಸಿದಳು.

"ಮುಚ್ಕೊ ಕಣಮ್ಮಿ. ತಪ್ಪು ನಂದು. ಇನ್ ಒಡಿಯಕಿಲ್ಲ."

ಹುಡುಗಿ ಅನುಮಾನಿಸುತ್ತ ಎಡಗಣ್ಣು ಮುಚ್ಚಿದಳು. ಬಿಸಿಲಿಗೆ ಮರೆ ಮಾಡೋಣವೆಂದು ನಾಗಮಣಿ ಸೆರಗು ಹಿಡಿದು ಕೈ ಎತ್ತಿದಳು.

ಸ್ವರ್ಣ ತಟ್ಟನೆ ಎರಡೂ ಕೈಯಲ್ಲಿ ಕೆನ್ನೆ ಮುಚ್ಚಿಕೊಂಡಳು.