ಜೋಡಿ ಚಕ್ರ ಬಿಚ್ಚಿದ ವರ್ಷ

ನನ್ನ ಬಾವನ ಲಾರಿಯ ಹಿಂದಿನ ಜೋಡಿ ಚಕ್ರಗಳನ್ನು ಬಿಚ್ಚಿ, ಪಕ್ಕಕ್ಕೊಂದರಂತೆ ಅಗಲದ ಒಂಟಿ ಚಕ್ರ ಹಾಕಿದವನು ನಾನೇ. ಕೆಲಸವನ್ನು ಕೆಟ್ಟದಾಗಿ ಮಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮದ್ದೂರಿನಲ್ಲಿ ಅರ್ಧ ಜನ ಈಗಲೂ ಬೇರೆಯೇ ಹೇಳುತ್ತಾರೆ. ಹಾಗೆ ಹೇಳಲು ಅವರಿಗೆ ಕಾರಣ ಒದಗಿಸಿದವನೂ ನಾನೇ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಅದು. ಯುದ್ಧ ಮುಗಿದರೂ ಟೈರು ಸಿಗುತ್ತಿರಲಿಲ್ಲ. ಪರ್ಮಿಟ್ಟಿಗಾಗಿ ಮಂಡ್ಯಕ್ಕೆ ಅಲೆದು ಚಪ್ಪಲಿ ಸವೆಯುತ್ತಿತ್ತೇ ಹೊರತು ಟೈರು ಬರುತ್ತಿರಲಿಲ್ಲ. ಹಳೇ ಟೈರಿನೊಳಗೆ ಇನ್ನೊಂದು ಹಳೇ ಟೈರಿನ ತುಂಡಿಟ್ಟು, ಟ್ಯೂಬಿಗೆ ತೇಪೆಯ ಮೇಲೆ ತೇಪೆ ಹಾಕಿ ಓಡಿಸುವುದೇ ಆಗ ನಮ್ಮ ವಿದ್ಯೆ. ಮದ್ದೂರಿನ ದೊಡ್ಡ ರಸ್ತೆಯ ಪಕ್ಕ ನನ್ನದೊಂದು ತಗಡಿನ ಶೆಡ್ಡು ಇತ್ತು. ಅದರ ಹಿಂದೆ ಅಕ್ಕನ ಮನೆ. ಅಕ್ಕನ ಗಂಡ ತನ್ನ ಲಾರಿಯನ್ನು ತಾನೇ ಓಡಿಸುತ್ತಿದ್ದ. ಸುತ್ತಲ ಹಳ್ಳಿಗಳ ಕಬ್ಬನ್ನು ಮಂಡ್ಯದ ಕಾರ್ಖಾನೆಗೆ ಸಾಗಿಸುವುದು ಅವನ ಕೆಲಸ.

ಕಬ್ಬಿನ ಗದ್ದೆಗೆ ಇಳಿದಾಗಲೆಲ್ಲ ಜೋಡಿ ಚಕ್ರಗಳ ನಡುವೆ ಕಲ್ಲು ಸಿಕ್ಕಿಕೊಂಡು, ಮೊದಲೇ ಸವೆದ ಟೈರಿನ ಪಕ್ಕೆಯನ್ನು ಕೊರೆಯುತ್ತಿತ್ತು. ಬಾವ ಹಾರೆ ಹಿಡಿದು ಆ ಕಲ್ಲು ಕೀಳುತ್ತಾ, ಟೈರು ಮಾಡಿದವನ ವಂಶವನ್ನೆಲ್ಲ ಬೈಯುತ್ತಿದ್ದ. ಆದರೂ ಜೋಡಿಯಲ್ಲಿ ಒಂದು ಧೈರ್ಯವಿತ್ತು. ಹೊರಗಿನ ಚಕ್ರಕ್ಕೆ ಅದರ ನಟ್ಟು, ಒಳಗಿನದಕ್ಕೆ ಅದರದು. ಒಂದು ಕೈಕೊಟ್ಟರೆ ಇನ್ನೊಂದರ ಮೇಲೆ ಕುಂಟುತ್ತಾ ಮನೆ ಸೇರಬಹುದಿತ್ತು.

ಬೆಂಗಳೂರಿನಲ್ಲಿ ಮಿಲಿಟರಿ ಸಾಮಾನು ಹರಾಜಾಗುತ್ತಿದೆ ಎಂದು ಕೇಳಿ ಬಾವ ಹೋದವನು ಎರಡು ಅಗಲದ ಚಕ್ರ ತಂದ. ಟೈರುಗಳು ಇನ್ನೂ ಗಟ್ಟಿಯಾಗಿದ್ದವು. ಶೆಡ್ಡಿನ ಮುಂದೆ ಉರುಳಿಸಿ, ಒಂದರ ಮೇಲೆ ಕುಳಿತು ಬೀಡಿ ಹಚ್ಚಿದ.

"ನೋಡ್ಲಾ, ಎಂಗವೆ! ಕೆಸರ್ನಾಗೆ ಊತ್ಕಳಕಿಲ್ಲ, ಕಲ್ಲು ಸಿಕ್ಕಾಕಳಕಿಲ್ಲ. ನಾಕರ ಬದ್ಲು ಎರಡೇ ಸಾಕು."

"ಒಂದು ಕೈಕೊಟ್ರೆ ಅದರ ಕೆಳಗೆ ಇನ್ನೇನೈತೆ ಬಾವ?" ಅಂದೆ.

"ಅಪಸಕುನ ನುಡೀಬ್ಯಾಡ ಕಣ್ಲಾ. ಕೆಲ್ಸ ನೋಡು."

ಮಿಲಿಟರಿ ಚಕ್ರದ ತೂತುಗಳು ನಮ್ಮ ಲಾರಿಯ ಬೋಲ್ಟುಗಳಿಗೆ ಹೊಂದುತ್ತಿರಲಿಲ್ಲ. ಹಳೇ ಚಕ್ರಗಳ ನಡುವಿನ ತಟ್ಟೆಯನ್ನು ಕತ್ತರಿಸಿ, ಅಗಲದ ಚಕ್ರದೊಳಗೆ ಕೂರಿಸಿದೆ. ದಾರ ಎಳೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎಲ್ಲೂ ಓಲಾಡದಂತೆ ನೋಡಿಕೊಂಡೆ. ಬೆಸುಗೆಗೆ ಮಂಡ್ಯದಿಂದ ಒಬ್ಬ ಸಾಬರನ್ನು ಕರೆಸಿದ್ದೆ. ಮಾತು ಕಡಿಮೆ, ಕೈ ಚೊಕ್ಕ. ಮೂರು ದಿನದ ಕೆಲಸ. ನಾಲ್ಕನೇ ದಿನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ, ಪೂಜೆಗೆ ಚೆನ್ನಾಗಿ ಕಾಣಲಿ ಎಂದು ಬಾವ ಆ ಚಕ್ರಗಳಿಗೆ ಹಸಿರು ಬಣ್ಣವನ್ನು ದಪ್ಪಗೆ ಬಳಿದಿದ್ದ. ನಟ್ಟು ಕೂರುವ ಜಾಗವನ್ನೂ ಬಿಟ್ಟಿರಲಿಲ್ಲ.

ಸಾಬರು ತಲೆ ಅಲ್ಲಾಡಿಸಿದರು. "ಬಣ್ಣದ ಮೇಲೆ ಕೂತಿರೋ ನಟ್ಟು ನಂಬಬೇಡಿ. ಬಣ್ಣ ನುರೀತದೆ, ನಟ್ಟು ಸಡಿಲ ಆಗ್ತದೆ. ಮೊದ್ಲನೇ ಲೋಡು ಇಳಿಸಿದ ಕೂಡ್ಲೆ ಒಂದ್ಸಲ ಬಿಗಿ ಮಾಡಿ, ಮಾರನೇ ದಿನ ಇನ್ನೊಂದ್ಸಲ."

ಅದು ನನಗೂ ಗೊತ್ತಿದ್ದ ವಿಷಯವೇ. ಲೋಡಾದ ಮೇಲೆ ಮತ್ತೆ ಬಿಗಿದರಾಯಿತು ಎಂದು ಆ ಸಂಜೆಯೇ ಚಕ್ರ ಏರಿಸಿ ನಟ್ಟು ಹಾಕಿದೆ. ಆದರೆ ಮಾರನೆಯ ದಿನ, ಶುಕ್ರವಾರ, ಪೂಜೆಯಾಯಿತು. ಅಕ್ಕನಿಗೆ ಆ ಲಾರಿಯನ್ನು ಕಂಡರೆ ಮೊದಲಿಂದಲೂ ಭಯ. ಗಂಡ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, ಸದ್ದು ಅಡಗುವವರೆಗೂ ಒಳಗೆ ಹೋಗುತ್ತಿರಲಿಲ್ಲ. ಆ ದಿನ ಊರಮ್ಮನ ಗುಡಿಯಿಂದ ಅರಿಸಿನದ ದಾರ ತಂದು, ಎರಡೂ ಚಕ್ರಗಳ ನಟ್ಟುಗಳನ್ನು ಬಳಸಿ ಒಂಬತ್ತು ಸುತ್ತು ಸುತ್ತಿದಳು. ಒಂದೊಂದು ನಟ್ಟಿಗೂ ಕುಂಕುಮವಿಟ್ಟಳು. ಊರಮ್ಮನ ದಾರ ಕಟ್ಟಿದ ವಸ್ತುವಿಗೆ ಇನ್ನೆರಡು ಶುಕ್ರವಾರ ಕಳೆಯುವ ತನಕ ಕಬ್ಬಿಣದ ಹತಾರ ತಾಕಿಸಬಾರದು. ನಮ್ಮ ಮನೆಗಳಲ್ಲಿ ಹೊಸ ನೇಗಿಲಿಗೂ ಹೊಸ ಎತ್ತಿನಗಾಡಿಗೂ ಹಾಗೇ ಮಾಡುತ್ತಿದ್ದರು. ಗಾಡಿಗೆ ಅದರಿಂದ ಏನೂ ತೊಂದರೆಯಿಲ್ಲ. ಗಾಡಿಯ ಚಕ್ರಕ್ಕೆ ನಟ್ಟಿಲ್ಲವಲ್ಲ.

ಸೋಮವಾರ ಬಾವ ಮೊದಲನೇ ಲೋಡು ಕಬ್ಬು ಇಳಿಸಿ ಬಂದ. ನಾನು ಸ್ಪ್ಯಾನರು ಹಿಡಿದು ಹೋದೆ. ಅಕ್ಕ ಎಲ್ಲಿದ್ದಳೋ, ಓಡಿ ಬಂದು ಚಕ್ರಕ್ಕೆ ಬೆನ್ನು ಕೊಟ್ಟು ನಿಂತಳು.

"ಕಬ್ಬಿಣ ತಾಕಿಸ್ಬ್ಯಾಡ ಕಣ್ಲಾ."

"ಅಕ್ಕ, ನಟ್ಟು ಬಿಗಿ ಮಾಡ್ಬೇಕು. ದಾರ ಬಿಚ್ಚಿ ತಿರ್ಗಾ ನೀನೇ ಕಟ್ಟು."

"ಕಟ್ಟಿದ್ದು ಬಿಚ್ಚಕೆ ಅದೇನು ದನ ಕಟ್ಟೋ ಅಗ್ಗವಾ? ನಿನ್ನ ಬಾವನ ಪ್ರಾಣಕ್ಕೆ ಕಟ್ಟಿರೋದು ಕಣೋ ಅದು. ಮುಟ್ಟುದ್ರೆ ನನ್ನಾಣೆ."

ಬಾವನ ಕಡೆ ನೋಡಿದೆ. ಅವನು ನಗುತ್ತಿದ್ದ. "ಎರಡು ಸುಕ್ರವಾರ ತಾನೆ, ಬುಡ್ಲಾ. ಮೆತ್ತಗೆ ಓಡಿಸ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿ, ಹಾಳಾಗಿ ಹೋಗಿ ಎಂದು ಬೈದು ಶೆಡ್ಡಿಗೆ ಹೋದೆ. ನನ್ನ ಬಾಯಿಂದ ಬಂದ ಮಾತು ಅದು. ಸಿಟ್ಟಿನವನಿಗೆ ಒಂದು ಅನುಕೂಲವಿದೆ: ಕೂಗಾಡಿಬಿಟ್ಟರೆ ಮಾಡಬೇಕಾದ್ದನ್ನು ಮಾಡಿದೆ ಅನ್ನಿಸಿಬಿಡುತ್ತದೆ.

ಗುರುವಾರ ಬೆಳಗ್ಗೆ ಬಾವ ಸಿಮೆಂಟು ಮೂಟೆ ಹೇರಿಕೊಂಡು ಕರೆಂಟು ತಯಾರಿಸುವ ಬ್ಲಫಿಗೆ ಹೊರಟು ನಿಂತಿದ್ದ. ಶಿವನಸಮುದ್ರದ ಹತ್ತಿರ ರಸ್ತೆ ಎಂಥ ಇಳಿಜಾರು ಅನ್ನುವುದು ಲಾರಿಯವರಿಗೆಲ್ಲ ಗೊತ್ತು. ಹಿಂದಿನ ದಿನ ಸಣ್ಣಗೆ ಹನಿ ಬಿದ್ದಿತ್ತು. ನಾನು ಸುಮ್ಮನಿರಲಾರದೆ ಹೋಗಿ ಎಡಗಡೆಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತೆ. ನಟ್ಟುಗಳ ಬುಡದಿಂದ ಹಸಿರು ಬಣ್ಣದ ಮೇಲೆ ಕೆಂಪಗೆ ಸಣ್ಣ ಗೆರೆಗಳು ಇಳಿದಿದ್ದವು.

ಈ ಕಸುಬಿನವರಿಗೆ ಆ ಗೆರೆ ಗೊತ್ತು. ಸಡಿಲವಾದ ನಟ್ಟು ಒಳಗೊಳಗೇ ಉಜ್ಜಿ ತುಕ್ಕಿನ ಪುಡಿ ಬಿಡುತ್ತದೆ, ನೀರು ತಾಗಿದರೆ ಆ ಪುಡಿ ಹೀಗೆಯೇ ಇಳಿಯುತ್ತದೆ. ಆದರೆ ಅಕ್ಕ ಇಟ್ಟ ಕುಂಕುಮವೂ ಅಲ್ಲೇ ಇತ್ತು, ಅದೂ ನೆನೆದಿತ್ತು. ಬೆರಳಲ್ಲಿ ಉಜ್ಜಿ ಮೂಸಿದ್ದರೆ ತಿಳಿಯುತ್ತಿತ್ತು. ತುಕ್ಕು ಮೂಗಿಗೆ ಹೊಡೆಯುತ್ತದೆ. ಬೆರಳು ಕಬ್ಬಿಣವಲ್ಲ, ದಾರಕ್ಕೆ ಮೈಲಿಗೆಯೂ ಆಗುತ್ತಿರಲಿಲ್ಲ. ತಲೆಯೆತ್ತಿದೆ. ಅಕ್ಕ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಮತ್ತೆ ಜಗಳ ಯಾರಿಗೆ ಬೇಕು ಅನ್ನಿಸಿತು. ಕುಂಕುಮವೇ ಇರಬೇಕು ಅಂದುಕೊಂಡೆ.

"ಏನ್ಲಾ, ಚಕ್ರಕ್ಕೆ ಕೈ ಮುಗಿಯಕ್ಕೆ ಕೂತ್ಯಾ?" ಬಾವ ಮೇಲಿಂದ ಕೂಗಿದ. "ಸರ್ಕಳ್ಲಾ, ಒತ್ತಾಯ್ತು."

ಸರಿದೆ. ಲಾರಿ ಮಳವಳ್ಳಿ ಕಡೆಗೆ ತಿರುಗಿತು. ಬೆರಳು ಚಾಚಲು ಎಷ್ಟು ಹೊತ್ತು ಬೇಕಿತ್ತು?

ಮಧ್ಯಾಹ್ನ ಮಳವಳ್ಳಿಯಿಂದ ಬಂದ ಬಸ್ಸಿನ ಕಂಡಕ್ಟರು ಇಳಿದವನೇ ನೇರ ನನ್ನ ಶೆಡ್ಡಿಗೆ ಬಂದ. ಅವನು ಮನೆಯ ಕಡೆ ಹೋಗದೆ ನನ್ನ ಹತ್ತಿರ ಬಂದದ್ದರಲ್ಲೇ ಗೊತ್ತಾಯಿತು. ಅದೇ ಬಸ್ಸು ವಾಪಸು ತಿರುಗಿದಾಗ ನಾನೂ ಹತ್ತಿ ಹೋದೆ. ಇಳಿಜಾರಿನ ಎರಡನೇ ತಿರುವಿನಲ್ಲಿ ಎಡಗಡೆಯ ಹಿಂದಿನ ಚಕ್ರ ಕಳಚಿಕೊಂಡು, ಲಾರಿ ಆ ಕಡೆಗೇ ಮಗುಚಿತ್ತು. ಬ್ಲಫಿನ ಕೆಲಸದವರು ಓಡಿ ಬಂದು ಮೂಟೆಗಳನ್ನೆಲ್ಲ ಎತ್ತಿ ಹಾಕಿ ಬಾವನನ್ನು ಹೊರಗೆ ತೆಗೆದಿದ್ದರು. ಆಗಲೇ ಉಸಿರು ನಿಂತಿತ್ತಂತೆ.

ಹೆಣವನ್ನು ನೋಡುವ ಮೊದಲು ಚಕ್ರವನ್ನು ನೋಡಿದೆ. ಅದಕ್ಕೆ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ, ಆದರೂ ನೋಡಿದೆ. ಸಾಬರ ಬೆಸುಗೆ ಕೂದಲಷ್ಟೂ ಬಿಟ್ಟಿರಲಿಲ್ಲ. ಆರು ಬೋಲ್ಟುಗಳಲ್ಲಿ ಒಂದೂ ಮುರಿದಿರಲಿಲ್ಲ. ತೂತುಗಳು ಮಾತ್ರ ಅಲ್ಲಾಡಿ ಅಲ್ಲಾಡಿ ಕೋಳಿಮೊಟ್ಟೆಯ ಆಕಾರಕ್ಕೆ ಸವೆದಿದ್ದವು. ನಟ್ಟುಗಳು ದಾರಿಯುದ್ದಕ್ಕೂ ಒಂದೊಂದಾಗಿ ಬಿದ್ದುಹೋಗಿದ್ದವು. ಬಲಗಡೆಯ ಚಕ್ರ ಮೇಲಕ್ಕೆ ಮುಖ ಮಾಡಿ ನಿಂತಿತ್ತು. ಅದರ ದಾರವನ್ನು ಕಿತ್ತೆಸೆದು ನಟ್ಟು ಹಿಡಿದೆ. ಸ್ಪ್ಯಾನರು ಬೇಕಾಗಲಿಲ್ಲ. ಬರೀ ಕೈಗೇ ತಿರುಗಿತು.

ಅಕ್ಕ ಅಳಲಿಲ್ಲ. ಊಟವನ್ನೂ ಮುಟ್ಟಲಿಲ್ಲ. ನಮ್ಮನ್ನು ಹೆತ್ತ ಅಮ್ಮ ಬಂದು ಗೋಗರೆದು ಗಂಜಿ ಕುಡಿಸಿದರೆ ಅಷ್ಟೇ. ಗೋಡೆಗೆ ಒರಗಿ, ತನ್ನ ಎರಡೂ ಅಂಗೈಗಳನ್ನು ನೋಡುತ್ತಾ ಕೂತಿರುತ್ತಿದ್ದಳು. ಹೀಗೇ ಬಿಟ್ಟರೆ ಇವಳೂ ಹೋಗುತ್ತಾಳೆ ಎಂದು ಬಂದವರೆಲ್ಲ ಪಿಸುಗುಟ್ಟಿದರು. ತಿಥಿಯಾದ ಮಾರನೆಯ ದಿನ ನನ್ನನ್ನು ಕರೆದಳು.

"ಸೋಮ್ವಾರ ನೀನು ನಟ್ಟು ಬಿಗಿ ಮಾಡಿದ್ರೆ ಉಳೀತಿದ್ರಾ? ದಿಟ ಯೋಳು."

ಅವಳ ತುಟಿಗಳು ಒಣಗಿ ಒಡೆದಿದ್ದವು. ಗುರುವಾರದ ಕೆಂಪು ಗೆರೆಗಳು ನನ್ನ ಕಣ್ಣ ಮುಂದೆಯೇ ಇದ್ದವು.

"ಇಲ್ಲ ಕಣಕ್ಕ," ಅಂದೆ. "ನಟ್ಟು ಸರ್ಯಾಗೇ ಇದ್ವು. ನಾನು ತಟ್ಟೆ ಕೂರಿಸಿದ್ದು ಸೊಟ್ಟ ಆಗಿತ್ತು. ಚಕ್ರವೇ ಒಡೆದೋಯ್ತು. ನಿನ್ನ ದಾರದ್ದೇನೂ ತಪ್ಪಿಲ್ಲ."

ಅಕ್ಕ ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಅಂಗಾರೆ ನೀನೇ ಕೊಂದೆ."

"ಊಂ ಕಣಕ್ಕ."

ಆಗ ಅತ್ತಳು. ಬೀದಿಗೆಲ್ಲ ಕೇಳುವಂತೆ ನನ್ನ ಹೆಸರು ಹಿಡಿದು, ಶಾಪ ಹಾಕುತ್ತಾ ಅತ್ತಳು. ನಾನು ಎದ್ದು ಶೆಡ್ಡಿಗೆ ಬಂದು ಕುಳಿತೆ. ಸಂಜೆ ಅಮ್ಮ ಹುಡುಕಿಕೊಂಡು ಬಂದಳು. ನನ್ನ ಪಕ್ಕ ಕೂರಲಿಲ್ಲ, ಬಾಗಿಲಾಚೆಯೇ ನಿಂತು ಹೇಳಿದಳು: "ಅವ್ಳು ಇವತ್ತು ಒಂದು ಮುದ್ದೆ ಉಂಡ್ಲು. ನೀನಿನ್ನು ಆ ಮನೆ ಒಸ್ಲು ತುಳೀಬ್ಯಾಡ ಕಣಪ್ಪ."